ವಿಷವನ್ನು ಹಿಂಡಿಯಲ್ಲೇ ಬಿಟ್ಟು ಬರುವ ಎಣ್ಣೆ

ತಿಪಟೂರಿನಿಂದ ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಹೊರಟವರ ಕಣ್ಣೆಲ್ಲ ತೆಂಗಿನ ಸುಳಿಯ ಮೇಲೇ. ಒಮ್ಮೆ ಕೆಳಗಿಳಿಸಿ, ರಾಗಿ ಹೊಲದ ಅಕ್ಕಡಿ ಸಾಲು ನೋಡಿ! ಮುಳ್ಳುಮುಳ್ಳು ಕಾಯಿಯ ಹರಳು ಗಿಡ. ಒಣಗಿದ ಕಾಯಿ ಬಿಡಿಸಿದರೆ ಮೂರು ಕಾಳು. ಅಂಗೈ ಮೇಲಿಟ್ಟರೆ ರಕ್ತ ಹೀರಿ ಉಬ್ಬಿದ ಉಣ್ಣೆಯೇ ಸರಿ: ನುಣುಪು ಮೈ, ಕಂದು ಗೆರೆಗಳ ಚಿತ್ತಾರ, ತುದಿಯಲ್ಲೊಂದು ಪುಟ್ಟ ಗಂಟು.

ಇಷ್ಟು ಚಿಕ್ಕ ಕಾಳಿನೊಳಗೆ ಏನೇನಿದೆ ಗೊತ್ತೇ? ಹೆಚ್ಚುಕಡಿಮೆ ಅರ್ಧ ತೂಕ ಎಣ್ಣೆ. ಮಕ್ಕಳ ನೆತ್ತಿಗೆ ತಟ್ಟಿದ, ಹೊಟ್ಟೆ ತೊಳೆಯಲು ಕುಡಿಸಿದ ಹರಳೆಣ್ಣೆ. ಉಳಿದ ತಿರುಳಿನಲ್ಲಿ ರೈಸಿನ್ ಎಂಬ ಘೋರ ವಿಷ! ಅದರ ಒಂದೇ ಒಂದು ಅಣು ಜೀವಕೋಶದೊಳಗೆ ಹೊಕ್ಕರೆ, ಪ್ರೋಟೀನು ಕಟ್ಟುವ ರೈಬೋಸೋಮ್‌ಗಳನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಕೆಡವುತ್ತ ಹೋಗುತ್ತದೆ. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯದ ಲೇಖಕ ಗಿಯೋರ್ಗಿ ಮಾರ್ಕೋವ್ ಅವರ ತೊಡೆಗೆ ಹೊಕ್ಕ ಸಣ್ಣ ಲೋಹದ ಗುಂಡಿನಲ್ಲಿದ್ದದ್ದು ಇದೇ ಎಂದು ತನಿಖೆಯವರು ತೀರ್ಮಾನಿಸಿದರು. ನಾಲ್ಕೇ ದಿನಕ್ಕೆ ಅವರು ತೀರಿಕೊಂಡರು. ಅಕ್ಕಡಿ ಸಾಲಿನ ಅದೇ ಕಾಳು! ಮಕ್ಕಳು ಅಗಿದು ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಹಾಗಾದರೆ ತಲೆಮಾರುಗಳಿಂದ ಕುಡಿಸಿದ ಎಣ್ಣೆ ಯಾರನ್ನೂ ಕೊಲ್ಲಲಿಲ್ಲವೇಕೆ? ಇಲ್ಲೇ ಮೈ ಜುಮ್ಮೆನ್ನುವುದು. ಅಜ್ಜಿಯರು ಕಾಳು ಹುರಿದರು, ಒರಳಲ್ಲಿ ಕುಟ್ಟಿದರು, ನೀರಿಗೆ ಹಾಕಿ ಕುದಿಸಿದರು, ಮೇಲೆ ತೇಲಿದ್ದನ್ನಷ್ಟೇ ಬಳಿದುಕೊಂಡು ಚಿಟಪಟ ಸದ್ದಡಗಿ ನೀರಾರುವವರೆಗೆ ಮತ್ತೆ ಕಾಯಿಸಿದರು. ರೈಸಿನ್ ಎಣ್ಣೆಯಲ್ಲಿ ಕರಗದು. ಚೆನ್ನಾಗಿ ಕುದಿದರೆ ಅದರ ಹೆಣಿಗೆಯೇ ಕಳಚಿಹೋಗುತ್ತದೆ. ಹೆಸರೇ ತಿಳಿಯದ ವಿಷಕ್ಕೆ ಒಲೆಯ ಮುಂದೆ ಕೂತು ಹೆಜ್ಜೆಹೆಜ್ಜೆಗೂ ಅಡ್ಡಗಟ್ಟಿದ್ದರು, ಆ ಹೆಂಗಸರು!

ಎಣ್ಣೆ ಹೊಟ್ಟೆ ಸಡಿಲಿಸುವ ಗುಟ್ಟು ಬಯಲಾಗಿದ್ದಂತೂ 2012ರಲ್ಲಿ. ಅದರ ರಿಸಿನೋಲಿಕ್ ಆಮ್ಲ ಕರುಳಿನ ಸ್ನಾಯುವಿನ ಇಪಿ3 ಎಂಬ ಗ್ರಾಹಕವನ್ನು ಕೆರಳಿಸುತ್ತದೆಂದು ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ಕಂಡುಕೊಂಡರು. ಅದೇ ಗ್ರಾಹಕ ಗರ್ಭಕೋಶದಲ್ಲೂ ಇದೆ. ಬಸುರಿಯರು ವೈದ್ಯರನ್ನು ಕೇಳದೆ ಹರಳೆಣ್ಣೆ ಕುಡಿಯಬಾರದು ಎನ್ನುವುದು ಅದಕ್ಕೇ.

ಇನ್ನು ಗಾಣದ ಹಿಂಡಿ. ವಿಷ ಉಳಿದಿರುವುದರಿಂದ ದನಕ್ಕೆ ಹಾಕುವಂತಿಲ್ಲ. ಆದರೆ ತೆಂಗಿನ ಬುಡಕ್ಕೆ ಅದು ಒಳ್ಳೆ ಗೊಬ್ಬರ! ಮಡಕೆಯಲ್ಲಿ ನೀರಿಗೆ ಕಲಸಿ ತೋಟದಲ್ಲಿಟ್ಟರೆ, ಕೊಳೆತ ನಾತಕ್ಕೆ ಮನಸೋತು ಸುಳಿ ಕೊರೆಯುವ ಕೊಂಬಿನ ದುಂಬಿ ತಾನಾಗಿ ಬಂದು ಬೀಳುತ್ತದೆ.