ಗರ್ಭಪಾತದ ನಂತರದ ಹದಿನೈದು ದಿನ

ಗರ್ಭಪಾತವೆಂದರೆ ಮಾತ್ರೆ ಅಥವಾ ಶಸ್ತ್ರಕ್ರಿಯೆ ಮಾತ್ರವಲ್ಲ. ಮೊದಲು ಆಪ್ತ ಸಮಾಲೋಚನೆ, ನಂತರ ಮರುತಪಾಸಣೆ, ಎರಡೂ ಚಿಕಿತ್ಸೆಯ ಭಾಗವೇ. ಯಾರಿಗಾದರೂ ಗೊತ್ತಾದೀತೆಂಬ ಅಂಜಿಕೆಯಿಂದ ಇವನ್ನು ಬಿಡಬೇಡಿ.

ಸಮಾಲೋಚನೆ ಎಂದರೆ ಬುದ್ಧಿವಾದವಲ್ಲ. ವೈದ್ಯರು ಅಥವಾ ನರ್ಸ್ ನಿಮ್ಮೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಎಷ್ಟು ವಾರವಾಗಿದೆ, ಯಾವ ವಿಧಾನ ಸರಿ, ಏನು ತೊಂದರೆ ಬರಬಹುದು ಎಂದು ವಿವರಿಸುತ್ತಾರೆ. ನಿರ್ಧಾರ ನಿಮ್ಮದು.

ಗಂಡನ ಸಹಿ ಬೇಕೇ? ಬೇಡ. ಹದಿನೆಂಟು ತುಂಬಿದವರಿಗೆ ಅವರ ಒಪ್ಪಿಗೆಯೇ ಸಾಕು. ಅದಕ್ಕಿಂತ ಚಿಕ್ಕವರಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮದುವೆಯಾಗದವರಿಗೂ ಈ ಹಕ್ಕಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಕಾನೂನಿನಲ್ಲಿ ಅಧಿಕಾರವಿಲ್ಲದವರಿಗೆ ನಿಮ್ಮ ಹೆಸರು, ವಿವರ ತಿಳಿಸುವುದು ಅಪರಾಧ.

ಮಾತ್ರೆಯ ವಿಧಾನ ಒಂಬತ್ತು ವಾರದೊಳಗಿನ ಗರ್ಭಕ್ಕೆ. ಮೊದಲ ದಿನ ಮಿಫೆಪ್ರಿಸ್ಟೋನ್, ಮೂರನೆಯ ದಿನ ಮಿಸೊಪ್ರೊಸ್ಟಾಲ್ ಕೊಡುತ್ತಾರೆ. ಹದಿನೈದನೆಯ ದಿನ ಮತ್ತೆ ಹೋಗಬೇಕು. ಗರ್ಭಕೋಶ ಪೂರ್ತಿ ಖಾಲಿಯಾಗಿದೆಯೇ ಎಂದು ಅಂದು ನೋಡುತ್ತಾರೆ. ಶಸ್ತ್ರಕ್ರಿಯೆಯಾಗಿದ್ದರೆ ವೈದ್ಯರು ಹೇಳಿದ ದಿನ ಹೋಗಿ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಮಾತ್ರೆ ಕೊಳ್ಳಬೇಡಿ. ಗರ್ಭಕೋಶದ ಬದಲು ನಾಳದಲ್ಲಿ ಗರ್ಭ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಅಪಾಯ.

ಕೆಲವು ದಿನ ರಕ್ತಸ್ರಾವ, ಹೊಟ್ಟೆನೋವು ಸಹಜ. ಆದರೆ ಗಂಟೆಗೆ ಎರಡು ಪ್ಯಾಡ್‌ನಂತೆ ಸತತ ಎರಡು ಗಂಟೆ ತೊಯ್ದರೆ, ಜ್ವರ ಒಂದು ದಿನ ಮೀರಿದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ, ತಲೆಸುತ್ತಿ ಬಿದ್ದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಪಥ್ಯ ಬೇಕೇ? ಬೇಡ. ಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ ಚೆನ್ನಾಗಿ ತಿನ್ನಿ. ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬರುತ್ತದೆ. ಆದರೆ ಎರಡು ವಾರದೊಳಗೇ ಮತ್ತೆ ಗರ್ಭ ನಿಲ್ಲಬಹುದು. ಹಾಗಾಗಿ ಕಾಪರ್-ಟಿ (ಗರ್ಭಕೋಶದೊಳಗೆ ಇಡುವ ಸಾಧನ), ಮೂರು ತಿಂಗಳ ಅಂತರಾ ಚುಚ್ಚುಮದ್ದು, ಛಾಯಾ ಗರ್ಭನಿರೋಧಕ ಮಾತ್ರೆಗಳ ಬಗ್ಗೆ ಮೊದಲೇ ಕೇಳಿಕೊಳ್ಳಿ. ಇವು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಒಪ್ಪಲೇಬೇಕೆಂಬ ಒತ್ತಾಯವಿಲ್ಲ.

ಮನಸ್ಸಿನ ಮಾತೂ ಮುಖ್ಯ. ಕೆಲವರಿಗೆ ನಿರಾಳ, ಕೆಲವರಿಗೆ ದುಃಖ, ಕೆಲವರಿಗೆ ಎರಡೂ. ಯಾವುದೂ ತಪ್ಪಲ್ಲ. ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ 14416ಕ್ಕೆ ಕರೆ ಮಾಡಿ. ಇದು ಟೆಲಿಮಾನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಪಾತ ಸೇವೆ ಉಚಿತ. ಖಾಸಗಿಗೆ ಹೋದರೆ ಸ್ಕ್ಯಾನ್, ಮರುತಪಾಸಣೆ ಸೇರಿ ಎಷ್ಟೆಂದು ಮೊದಲೇ ಕೇಳಿ. ಸರ್ಕಾರದ ಅನುಮತಿ ಪತ್ರ ಇದೆಯೇ ನೋಡಿ.

ಕಾಮಸಮುದ್ರದವರು ಆಶಾ ಕಾರ್ಯಕರ್ತೆ ಅಥವಾ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಅಲ್ಲಿಂದ ಬಂಗಾರಪೇಟೆ ತಾಲ್ಲೂಕು ಆಸ್ಪತ್ರೆ, ಬೇಕಾದರೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ. ಊರಿನಲ್ಲಿ ಕೇಳಲು ಮುಜುಗರವಾದರೆ 104 ಆರೋಗ್ಯ ಸಹಾಯವಾಣಿ ಇದೆ. ಮರುತಪಾಸಣೆಗೆ ಹೋಗುವಾಗ ಮೊದಲ ಚೀಟಿ ಮತ್ತು ಸ್ಕ್ಯಾನ್ ವರದಿ ಮರೆಯಬೇಡಿ. ರಕ್ತಸ್ರಾವ ನಿಂತು ಆರಾಮಾಗಿದ್ದರೂ ಹದಿನೈದನೆಯ ದಿನದ ಭೇಟಿ ತಪ್ಪಿಸಬೇಡಿ.