ಕಬ್ಬಿಣದ ತಳೆ

ತಿರುವನಂತಪುರದ ಶ್ರೀಕಾರ್ಯಂ ಪೇಟೆಯ ಹೆದ್ದಾರಿ ಗದ್ದಲ ಬಿಟ್ಟು ಒಳದಾರಿಗೆ ತಿರುಗಿದರೆ ಮುರಕಲ್ಲಿನ ಗೋಡೆಗಳ ಹಿಂದೆ ಮನೆಗೊಂದು ಹಿತ್ತಿಲು, ಹಿತ್ತಿಲಿಗೆ ಏಳೆಂಟು ತೆಂಗು. ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇರುವ ಊರು ಇದು. ಮಣ್ಣಿನಡಿಯ ಮರಗೆಣಸನ್ನು ಆ ಸಂಸ್ಥೆ ನೋಡಿಕೊಂಡೀತು. ಊರು ತಲೆ ಕೆಡಿಸಿಕೊಂಡಿರುವುದು ತಲೆಯ ಮೇಲೆ ತೂಗುವ ಬೆಳೆಯ ಬಗ್ಗೆ. ಕಾಯಿ ಬಲಿತಿದೆ, ಇಳಿಸುವವರಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರ ಹಿತ್ತಿಲಲ್ಲಿ ಬೆಳಿಗ್ಗೆ ಎಂಟಕ್ಕೇ ಸಭೆ ಸೇರಿದೆ. ಊರಿಗೆಲ್ಲ ಅವರು ಟೀಚರ್. ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಬಂದ ಮೂವತ್ತೈದರ ಹೆಂಗಸು, ಚೂಡಿದಾರದ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಚೀಲದಿಂದ ಯಂತ್ರ ತೆಗೆಯುತ್ತಿದ್ದಾಳೆ. ಯಂತ್ರವೆಂದು ಕರೆಯುವುದು ರೂಢಿ, ಅಷ್ಟೆ. ಮೋಟಾರಿಲ್ಲ, ಹಲ್ಲುಚಕ್ರವಿಲ್ಲ. ಕಬ್ಬಿಣದ ಸರಳು ಬಾಗಿಸಿ ಬೆಸೆದ ಎರಡು ಚೌಕಟ್ಟು, ಒಂದೊಂದು ಕಾಲಿಗೆ ಒಂದೊಂದು. ಮೇಲೆ ಕೈಹಿಡಿ, ಕೆಳಗೆ ಪಾದ ತೂರಿಸುವ ಮೆಟ್ಟು, ಮರವನ್ನು ಬಳಸಿ ಬಂದು ಕೊಕ್ಕೆಗೆ ಸಿಕ್ಕುವ ಉಕ್ಕಿನ ಹಗ್ಗ. ಹಗ್ಗದ ಮೇಲೆ ಹೊದಿಸಿದ ರಬ್ಬರು ತಿಕ್ಕಿ ತಿಕ್ಕಿ ಬೂದು ಬಣ್ಣಕ್ಕೆ ತಿರುಗಿದೆ.

ಗೋಡೆಗೊರಗಿ ಎಲೆ ಅಡಿಕೆ ಜಗಿಯುತ್ತ ಕೂತವರು ಹಳಬರು. ಹೆಗಲ ಮೇಲೆ ತಳಪ್ಪ್ — ನಮ್ಮ ಕೊನೆಗಾರರ ತಳೆಯಂಥದೇ ಹಗ್ಗದ ಬಳೆ.

“ಟೀಚರೇ, ಇವಳು ಇದನ್ನು ಕಟ್ಟಿ ಮುಗಿಸುವಷ್ಟರಲ್ಲಿ ನಾನು ಎರಡು ಮರ ಇಳಿದಾಗಿರುತ್ತಿತ್ತು.”

“ಅಣ್ಣ ಫೋನ್ ಮಾಡಿದ ಎಷ್ಟನೆಯ ದಿನಕ್ಕೆ ಬರುತ್ತಾರೆ, ಅದನ್ನೂ ಕೇಳಿ ಟೀಚರೇ” ಎಂದಳು ಅವಳು, ಕೊಕ್ಕೆಯಿಂದ ಕಣ್ಣೆತ್ತದೆ.

ಮಹಡಿಯಲ್ಲಿ ಬಾಡಿಗೆಗಿರುವ ಇಬ್ಬರು ಎಂಜಿನಿಯರಿಂಗ್ ಹುಡುಗರು ನಕ್ಕರು. ಈ ಯಂತ್ರದ ಗತಿ ಏನು, ತಿದ್ದಿ ಉಳಿಸಿಕೊಳ್ಳಬೇಕೋ ಗುಜರಿಗೆ ಹಾಕಬೇಕೋ ಎಂಬ ವಾದಕ್ಕೆ ಅವರಿಗೂ ಪ್ರಾಜೆಕ್ಟಿನ ನೆಪ ಸಿಕ್ಕಿದೆ.

ಅವಳು ಹತ್ತತೊಡಗಿದಳು. ಬಲಗಾಲಿನ ಮೇಲೆ ಭಾರ ಬಿಟ್ಟು ಎಡಗೈ, ಎಡಗಾಲು ಒಟ್ಟಿಗೆ ಎತ್ತಿದಾಗ ಎಡ ಚೌಕಟ್ಟಿನ ಹಗ್ಗ ಸಡಿಲಾಗಿ ಮೇಲೆ ಸರಿಯುತ್ತದೆ. ಅದರ ಮೇಲೆ ನಿಂತರೆ ಚೌಕಟ್ಟು ಓರೆಯಾಗಿ ಹಗ್ಗ ಕಾಂಡವನ್ನು ಕಚ್ಚುತ್ತದೆ. ಮೈಭಾರವೇ ಹಿಡಿತ. ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫ್, ಅಪ್ಪಚ್ಚನ್ ಎಂದೇ ಹೆಸರಾದ ರೈತ, ಕಂಡುಕೊಂಡ ಉಪಾಯ ಇಷ್ಟೇ. ಅದಕ್ಕಾಗಿಯೇ ಅದು ಚೆಂಬೇರಿ ಮಾದರಿ. ಕೊಚ್ಚಿಯ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ತರಬೇತಿ ಶುರುಮಾಡಿ, ಮರ ಹತ್ತಿ ಗೊತ್ತಿಲ್ಲದ ಯುವಕ ಯುವತಿಯರ ಕೈಗೆ ಇಂಥ ಯಂತ್ರ ಕೊಟ್ಟು ಕಳಿಸಿತು. ಇವಳೂ ಹಾಗೆ ಕಲಿತು ಬಂದವಳು.

ಹಾಗಾದರೆ ಕೊರತೆ ಎಲ್ಲಿ? ನೆಲದಿಂದಲೇ ಕಾಣುತ್ತದೆ. ತೆಂಗಿನ ಕಾಂಡ ಬುಡದಿಂದ ತುದಿಗೆ ಒಂದೇ ದಪ್ಪವಲ್ಲ. ಬುಡದಲ್ಲಿ ಅಳತೆ ನೋಡಿ ಕಟ್ಟಿದ ಹಗ್ಗ ಮೇಲೆ ಹೋದಂತೆ ದೊಗಳೆಯಾಗುತ್ತದೆ. ಚೌಕಟ್ಟು ಇಳಿಬೀಳುತ್ತದೆ, ಮೆಟ್ಟು ಮುಂದಕ್ಕೆ ಬಾಗುತ್ತದೆ, ಮೀನಖಂಡ ನಡುಗುತ್ತದೆ. ಮಳೆಗಾಲದ ಪಾಚಿಯ ಮೇಲೆ ರಬ್ಬರು ಜಾರುತ್ತದೆ. ಬಾಗಿದ ಮರಕ್ಕೆ ಇದು ಹೇಳಿಸಿದ್ದಲ್ಲ. ಆಯ ತಪ್ಪಿ ಪಾದ ಮೆಟ್ಟಿನಿಂದ ಹೊರಬಂದರೆ ಹಿಡಿಯಲು ಬೇರೇನೂ ಇರಲಿಲ್ಲ, ಮೊದಮೊದಲು. ನಮ್ಮ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಈ ಮಾದರಿಗೆಂದೇ ಸುರಕ್ಷತಾ ಸಾಧನವೊಂದನ್ನು ಜೋಡಿಸಿಕೊಟ್ಟಿತು. ಸೊಂಟದ ಪಟ್ಟಿಯ ಜೊತೆ ಮರವನ್ನು ಬಳಸುವ ಇನ್ನೊಂದು ಹಗ್ಗ. 1916ರಿಂದ ತೆಂಗನ್ನೇ ನೋಡುತ್ತ ಬಂದ ಜಾಗಕ್ಕೆ ಬೀಳುವವರ ಚಿಂತೆಯೂ ಬಂತಲ್ಲ, ಸಂತೋಷ. ಆದರೆ ಈ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬರುವವರೂ ಇದ್ದಾರೆ. ಇನ್ನೊಂದು ಕೊಕ್ಕೆ ಸರಿಸುತ್ತ ಕೂರಬೇಕು, ಕೂಲಿ ಮರಕ್ಕಿಷ್ಟು ಎಂದಿರುವಾಗ ಯಾರಿಗೆ ಬೇಕು?

ಪಾದವನ್ನು ಕಚ್ಚಿ ಹಿಡಿಯುವ ಸಾಧನದ ಮೇಲೆ ವಾದ ನಡೆದದ್ದು ತೆಂಗಿನ ನಾಡಿನಲ್ಲಿ ಮಾತ್ರವಲ್ಲ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಸಿಕ್ಕಿಸುವ ಕೊಂಡಿ ಒಂದು ಕಾಲಕ್ಕೆ ಬಿಡುತ್ತಲೇ ಇರಲಿಲ್ಲ. ಬಿದ್ದವನ ಕಾಲು ಹಲಗೆಯ ಜೊತೆ ತಿರುಚಿಕೊಂಡು ಮುರಿಯುತ್ತಿತ್ತು. ಅಮೆರಿಕದ ಆರೆಗಾನ್‌ನಲ್ಲಿ ನೆಲೆಸಿದ್ದ ನಾರ್ವೆಯ ಹ್ಯಾಲ್ಮಾರ್ ಹ್ವಾಮ್ 1937ರಲ್ಲಿ ತಾನೇ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬಿದ್ದ ಕ್ಷಣ ತಾನಾಗಿ ಬಿಟ್ಟುಕೊಡುವ ಕೊಂಡಿಯನ್ನು ಯೋಚಿಸಿದ. ಅಲ್ಲಿ ಬಿಡದಿರುವುದು ದೋಷ. ಇಲ್ಲಿ, ಐವತ್ತು ಅಡಿ ಮೇಲೆ, ಬಿಡುವುದೇ ದೋಷ. ಹುಡುಗರಲ್ಲೊಬ್ಬ ಸ್ಪ್ರಿಂಗ್ ಹಾಕಿದ ಕೊಂಡಿಯ ಚಿತ್ರ ತೋರಿಸಿದಾಗ ಹಳಬರು ಅದನ್ನು ದೂರ ಹಿಡಿದು ನೋಡಿ, “ಇದು ನೆಲದ ಮೇಲಿರುವವನಿಗೆ ಮೋನೇ” ಎಂದು ಫೋನ್ ವಾಪಸು ಕೊಟ್ಟರು.

ಅಷ್ಟರಲ್ಲಿ ಅವಳು ಮಂಡೆಯ ಕೆಳಗೆ ಮುಟ್ಟಿದ್ದಳು. ಒಣಗಿದ ಮಡಲೊಂದು ಸದ್ದು ಮಾಡುತ್ತ ಬಿತ್ತು. ಕತ್ತಿ ಎರಡು ಸಲ ಮಿಂಚಿ ಗೊನೆ ದಡದಡ ಇಳಿಯಿತು. ಒಂದು ಕಾಯಿ ಉರುಳಿ ಬಾವಿಕಟ್ಟೆಗೆ ಬಡಿಯಿತು. ಹಳಬರು ಎದ್ದು ನಿಂತು ಕೂಗಿದರು: “ಸುಳಿ ನೋಡಿದೆಯಾ?”

ಅವರ ಆಕ್ಷೇಪದ ತಿರುಳು ಇದು, ನನಗೂ ಸರಿಯೆನಿಸಿತು. ತಳೆ ಹಾಕಿದವನು ಮಡಲುಗಳ ನಡುವೆ ನುಗ್ಗಿ ಮಂಡೆಯೊಳಗೇ ಕೂರುತ್ತಾನೆ. ಕೊತ್ತಳಿಗೆ ಬಿಡಿಸುತ್ತಾನೆ, ಇಲಿ ಕೊರೆದ ಎಳೆಗಾಯಿ ಕಿತ್ತೆಸೆಯುತ್ತಾನೆ, ಸುಳಿಯಲ್ಲಿ ಕುರುವಾಯಿ ದುಂಬಿ ತೂತು ಕೊರೆದಿದ್ದರೆ ಕಂಬಿ ಹಾಕಿ ಎಳೆಯುತ್ತಾನೆ. ಯಂತ್ರದವರು ಕಬ್ಬಿಣದ ಮೇಲೆ ನಿಂತು ಕೈಗೆಟಕಿದಷ್ಟು ಕೊಯ್ದು ಇಳಿಯುತ್ತಾರೆ. ಕಾಯಿ ಬಂತು, ಮರದ ಆರೈಕೆ ಆಗಲಿಲ್ಲ. ಕೊನೆಯ ಐದು ಅಡಿಗೆ ಈ ಯಂತ್ರದಲ್ಲಿ ಉತ್ತರವಿಲ್ಲ.

ಬೇರೆ ದಾರಿಗಳಿಗೇನೂ ಬರವಿಲ್ಲ. ಕೊಯಮತ್ತೂರಿನ ಕಡೆಯ, ಕೂತು ಹತ್ತುವ ಮಾದರಿಗಳಲ್ಲಿ ಸುಸ್ತು ಕಡಿಮೆ, ಹೊರೆ ಜಾಸ್ತಿ. ಬಂಟ್ವಾಳದ ಸಜೀಪಮೂಡದ ಗಣಪತಿ ಭಟ್ಟರು 2019ರಲ್ಲಿ ಜನರೆದುರು ತಂದ ಪೆಟ್ರೋಲ್ ‘ಬೈಕು’ ಅಡಿಕೆ ಮರವನ್ನು ಅರೆ ನಿಮಿಷದಲ್ಲಿ ಏರಿದ್ದನ್ನು ನಾವೆಲ್ಲ ವಿಡಿಯೊದಲ್ಲಿ ನೋಡಿದ್ದೇವೆ. ಅಮೃತ ವಿಶ್ವವಿದ್ಯಾಪೀಠದವರ ‘ಅಮರನ್’ ರೋಬೋ, ನೆಲದಲ್ಲಿ ನಿಂತವರು ಹೇಳಿದಂತೆ ತಾನೇ ಹತ್ತಿ ಕೊಯ್ಯುತ್ತದೆ. ಅದನ್ನು ಹಿತ್ತಿಲಿಂದ ಹಿತ್ತಿಲಿಗೆ ಹೊರುವವರು ಯಾರೆಂದು ಟೀಚರ್ ಕೇಳಿದ ಪ್ರಶ್ನೆ ಹಾಗೇ ಉಳಿಯಿತು. ಗಿಡ್ಡ ತಳಿ ನೆಡಿ ಎನ್ನುವವರಿದ್ದಾರೆ. ನೆಡೋಣ. ಆದರೆ ನೆಟ್ಟಾಗಿರುವ ಎತ್ತರದ ಮರಗಳು ಇನ್ನೂ ಒಂದು ತಲೆಮಾರು ನಿಂತೇ ಇರುತ್ತವೆ.

ಚೆಂಬೇರಿ ಮಾದರಿಯನ್ನು ಹಳಬರ ವೇಗದಿಂದ ಅಳೆಯುವುದು ನನ್ನ ಮಟ್ಟಿಗೆ ಅನ್ಯಾಯ. ಅದು ಅವರಿಗಾಗಿ ಹುಟ್ಟಿದ್ದಲ್ಲ. ಹೆಣ್ಣು ಮರ ಹತ್ತುವುದುಂಟೇ ಎನ್ನುತ್ತಿದ್ದ ಊರಿನಲ್ಲಿ ಒಬ್ಬಳು ಆರು ದಿನ ಕಲಿತು, ಸ್ಕೂಟರ್ ಏರಿ ಬಂದು, ಕೂಲಿ ಎಣಿಸಿಕೊಂಡು ಹೋಗುವಂತಾದದ್ದು ಸಣ್ಣ ಸಂಗತಿಯಲ್ಲ. ಗುಜರಿಗೆ ಹಾಕುವ ಮಾತು ಬೇಡ. ತಿದ್ದಬೇಕಾದದ್ದು ಎರಡು: ಹಗ್ಗ ಮೇಲಿದ್ದಾಗಲೇ ಬಿಗಿಯಾಗಬೇಕು, ಪಟ್ಟಿ ಹಾಕದೆ ಹತ್ತಲಾಗದಂತೆ ಯಂತ್ರದ ಅಂಗವೇ ಆಗಬೇಕು.

ಅವಳು ಇಳಿದು ಬಂದು ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡಳು. ಹುಡುಗ ಉತ್ಸಾಹದಿಂದ ಕಾಗದ ಬಿಡಿಸಿದ: ಕೈಹಿಡಿಯ ಪಕ್ಕ ಒಂದು ತಿರುಪು, ಹತ್ತುತ್ತ ಹತ್ತುತ್ತ ತಿರುಗಿಸಿದರೆ ಹಗ್ಗ ಬಿಗಿ.

“ಒಂದು ಕೈ ಹಿಡಿಯಲ್ಲಿ, ಇನ್ನೊಂದರಲ್ಲಿ ಕತ್ತಿ. ಇದನ್ನು ಯಾವ ಕೈಯಲ್ಲಿ ತಿರುಗಿಸಲಿ?”

“ಕಾಲಲ್ಲಿ” ಎಂದರು ಹಳಬರು. ಚಪ್ಪಲಿ ಬಿಟ್ಟು, ತಳಪ್ಪನ್ನು ಪಾದಗಳಿಗೆ ಸಿಕ್ಕಿಸಿ, ಮರ ಸಪೂರವಾದಂತೆ ಹಿಮ್ಮಡಿ ಹೇಗೆ ಹತ್ತಿರ ತರಬೇಕು, ಹೆಬ್ಬೆರಳಿಂದ ಹಗ್ಗ ಹೇಗೆ ಒತ್ತಬೇಕು ಎಂದು ಬುಡದಲ್ಲೇ ತೋರಿಸತೊಡಗಿದರು. ಹುಡುಗ ಕಾಗದದ ಮೇಲಿನ ತಿರುಪನ್ನು ಗೀಟೆಳೆದು ಹೊಡೆದುಹಾಕಿದ. ಅವಳು ಬಗ್ಗಿ ಹೆಬ್ಬೆರಳನ್ನೇ ನೋಡಿದಳು.

“ಇನ್ನೂ ಆರು ಮರ ಇದೆ” ಎಂದರು ಟೀಚರ್. “ಮಳೆ ಬರುವ ಮೊದಲು ಯಾರಾದರೂ ಹತ್ತಿ.”