ಪಿಟೀಲಿನ ಗುರು, ಅನ್ನದ ಗುರು: ಪಂಡಿತ ಪುಟ್ಟರಾಜ ಗವಾಯಿಗಳು

ಶಹಾಪುರ ತಾಲೂಕಿನ ಭೀಮರಾಯನಗುಡಿ ಎಂದೊಡನೆ ನೆನಪಿಗೆ ಬರುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ನೌಕರರ ವಸತಿಗಳು, ಕಾಲುವೆಯ ನೀರು. ಆದರೆ ಶ್ರಾವಣ ಮಾಸ ಬಂದಿತೆಂದರೆ ಈ ಸೀಮೆಯ ಮಠಗಳಲ್ಲಿ, ಗುಡಿಗಳಲ್ಲಿ ಪುರಾಣ ಪ್ರವಚನ ಆರಂಭವಾಗುತ್ತದೆ. ಪ್ರವಚನಕಾರರ ಪಕ್ಕದಲ್ಲಿ ಹಾಡುವ ಗವಾಯಿಗಳೊಬ್ಬರು, ತಬಲಾ ಸಾಥಿಯೊಬ್ಬರು ಇದ್ದೇ ಇರುತ್ತಾರೆ. ಇಂಥ ಗವಾಯಿಗಳ ವಿದ್ಯೆಯ ಮೂಲವನ್ನು ವಿಚಾರಿಸುತ್ತ ಹೋದರೆ ಬಹುಪಾಲು ದಾರಿಗಳು ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ: ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮ. ಆ ಬಾಗಿಲನ್ನು ಆರು ದಶಕಗಳಿಗೂ ಮೀರಿ ತೆರೆದಿಟ್ಟವರು ಪೂಜ್ಯ ಪುಟ್ಟರಾಜ ಗವಾಯಿಗಳು.

ಶ್ರೀಗಳು ಹಾರ್ಮೋನಿಯಂ, ತಬಲಾ, ಸಾರಂಗಿ ಮೊದಲಾದ ಅನೇಕ ವಾದ್ಯಗಳನ್ನು ನುಡಿಸುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ. ಅವರ ಗಾಯನದ ಖ್ಯಾತಿಯ ಮರೆಯಲ್ಲಿ ಅವರ ಪಿಟೀಲಿನ ಮಾತು ಅಷ್ಟಾಗಿ ಬರುವುದಿಲ್ಲ. ಅದನ್ನು ಇಲ್ಲಿ ಮುಂದಿಟ್ಟುಕೊಳ್ಳುವುದಕ್ಕೆ ಕಾರಣವಿದೆ. ಹಾರ್ಮೋನಿಯಮ್ಮಿನಲ್ಲಿ ಸ್ವರಕ್ಕೊಂದು ಮನೆಯುಂಟು. ಬೆರಳು ಆ ಮನೆಯನ್ನು ಒತ್ತಿದರೆ ಸ್ವರ ತಾನಾಗಿ ಬರುತ್ತದೆ. ಸಿತಾರಿಗೆ ಮೆಟ್ಟಿಲುಗಳುಂಟು. ಪಿಟೀಲಿಗೆ ಇವೆರಡೂ ಇಲ್ಲ. ಷಡ್ಜ ಪಂಚಮಗಳಿಗೆ ಶ್ರುತಿಗೂಡಿಸಿದ ನಾಲ್ಕು ತಂತಿ, ಬಲಗೈಯಲ್ಲಿ ಕಮಾನು, ಅಷ್ಟೆ. ಎಡಗೈಯ ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಅದು ಕೆಟ್ಟಿತೆಂಬುದನ್ನು ಕಣ್ಣು ಹೇಳಲಾರದು, ಕಿವಿಯೇ ಹೇಳಬೇಕು. ಹಾಗೆ ನೋಡಿದರೆ ಕಣ್ಣಿದ್ದವನಿಗೂ ಕಣ್ಣಿಲ್ಲದವನಿಗೂ ಪಿಟೀಲು ಒಂದೇ ತೂಕದ ಪರೀಕ್ಷೆಯನ್ನು ಒಡ್ಡುತ್ತದೆ. ಅಂಧ ಬಾಲಕರ ಆಶ್ರಮವೊಂದರಲ್ಲಿ ಈ ವಾದ್ಯಕ್ಕೆ ಎಂಥ ಅರ್ಥವಿದ್ದೀತೆಂಬುದನ್ನು ಓದುಗರೇ ಊಹಿಸಬಹುದು.

ಪುಟ್ಟರಾಜರು ಜನಿಸಿದ್ದು 1914ರ ಮಾರ್ಚ್ 3ರಂದು, ಹಾವೇರಿ ಸೀಮೆಯ ದೇವಗಿರಿಯಲ್ಲಿ. ತಂದೆ ರೇವಣಯ್ಯ ವೆಂಕಟಾಪುರಮಠ, ತಾಯಿ ಸಿದ್ದಮ್ಮ. ಎಳವೆಯಲ್ಲಿಯೇ ದೃಷ್ಟಿ ಹೋಯಿತು. ಸೋದರಮಾವ ಚಂದ್ರಶೇಖರಯ್ಯನವರು ಹಾರ್ಮೋನಿಯಂ ಬಲ್ಲವರು. ಬಾಲಕನ ಬೆರಳುಗಳು ಆ ಪೆಟ್ಟಿಗೆಯ ಮೇಲೆ ಸ್ವರ ಹುಡುಕುವುದನ್ನು ಕಂಡು ಅವನನ್ನು ಪಂಚಾಕ್ಷರ ಗವಾಯಿಗಳ ಮಡಿಲಿಗೆ ಒಪ್ಪಿಸಿದರು. ಆ ಗುರುಗಳೂ ಹುಟ್ಟುಕುರುಡರೇ. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನ ಕಂಠವನ್ನು ಗುರುತಿಸಿ, ಪೋಷಿಸಿ, ಪಂಚಾಕ್ಷರ ಗವಾಯಿಗಳನ್ನಾಗಿ ಮಾಡಿದವರು ಶಿವಯೋಗಮಂದಿರದ ಸಂಸ್ಥಾಪಕರಾದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು. ಪಂಚಾಕ್ಷರರು ದಕ್ಷಿಣಾದಿಯನ್ನು ಮೈಸೂರಿನಲ್ಲಿ ಕಲಿತರು. ಉತ್ತರಾದಿಯನ್ನು ಕಲಿಸಿದವರಲ್ಲಿ ಮಿರಜಿನ ನೀಲಕಂಠಬುವಾ ಆಲೂರಮಠರು ಪ್ರಮುಖರು. ಎರಡೂ ಪದ್ಧತಿಗಳ ಆ ಸಂಪತ್ತು ಶಿಷ್ಯನಿಗೆ ಇಡಿಯಾಗಿ ಬಂದಿತು.

ಅವರ ಸಂಗೀತ ಶಾಲೆ ಮೊದಲು ಒಂದೆಡೆ ನಿಂತದ್ದಲ್ಲ. ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸಿ, ಭಕ್ತರು ನೀಡಿದ್ದನ್ನು ಉಂಡು, ಅಲ್ಲಿಯೇ ಪಾಠ ಹೇಳಿ ಮುಂದೆ ಸಾಗುತ್ತಿದ್ದರು. ಬಸರಿಗಿಡದ ವೀರಪ್ಪನವರಂಥ ದಾನಿಗಳ ಔದಾರ್ಯದಿಂದ ಗದುಗಿನಲ್ಲಿ ನೆಲೆ ಸಿಕ್ಕಿತು. ನೆಲೆ ಸಿಕ್ಕ ಸ್ವಲ್ಪ ಕಾಲದಲ್ಲೇ, 1944ರ ಜೂನ್ 11ರಂದು, ಗುರುಗಳು ಲಿಂಗೈಕ್ಯರಾದರು.

ಆಗ ಪುಟ್ಟರಾಜರಿಗೆ ಮೂವತ್ತರ ಪ್ರಾಯ. ಅವರ ಗುರುಬಂಧು ಬಸವರಾಜ ರಾಜಗುರುಗಳು ಮುಂದೆ ದೇಶವೆಲ್ಲ ಬಲ್ಲ ಗಾಯಕರಾದರು. ಅದು ಸಾರ್ಥಕವಾದ ದಾರಿಯೇ. ಪುಟ್ಟರಾಜರ ಮುಂದೆಯೂ ಆ ದಾರಿ ತೆರೆದಿತ್ತು. ಅವರು ಆಯ್ದುಕೊಂಡದ್ದು ಮಕ್ಕಳ ಪಂಕ್ತಿಯನ್ನು. ದಿನ ಬೆಳಗಾದರೆ ಅಡುಗೆಮನೆಗೆ ಜೋಳ, ಬೇಳೆ ಬೇಕು. ರಾಗ ಯಮನದಿಂದ ಒಲೆ ಉರಿಯದು. ಕಣ್ಣಿಲ್ಲದ ಆ ಸ್ವಾಮಿಗಳು ನಾಟಕ ಬರೆದರು, ಅವಕ್ಕೆ ಸಂಗೀತ ಕೂಡಿಸಿದರು, ಆಶ್ರಮದ ನಾಟ್ಯಸಂಘವನ್ನು ಊರೂರಿಗೆ ಒಯ್ದರು. ಟಿಕೇಟಿನಿಂದ ಬಂದ ಹಣ ದಾಸೋಹಕ್ಕೆ ಸಂದಿತು. ಮುಂದಿನ ವರ್ಷಗಳಲ್ಲಿ ಭಕ್ತರು ಅವರಿಗೆ ಅಸಂಖ್ಯ ತುಲಾಭಾರಗಳನ್ನು ಮಾಡಿದರು. ತಕ್ಕಡಿಯಲ್ಲಿ ಕುಳಿತವರು ಶ್ರೀಗಳು, ನಾಣ್ಯಗಳು ಸೇರಿದ್ದು ಮಕ್ಕಳ ತಾಟಿಗೆ. ಇದರ ನಡುವೆಯೇ ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ನಡೆಯಿತು.

ಇನ್ನು ಪಾಠದ ವಿಷಯ. ಕಾಣದ ಮಗುವಿಗೆ ಪಿಟೀಲನ್ನು ತೋರಿಸಿ ಕಲಿಸಲಾಗದು. ನೆಲದ ಮೇಲೆ ಕುಳ್ಳಿರಿಸಿ, ವಾದ್ಯದ ತುದಿ ಬಲಪಾದದ ಮೇಲೆ ಒರಗುವಂತೆ, ಇನ್ನೊಂದು ಬದಿ ಎದೆಗೆ ಆನುವಂತೆ ಕೈಹಿಡಿದೇ ಇರಿಸಬೇಕು. ಕಮಾನಿನ ಕೂದಲಿಗೆ ರಾಳ ತಿಕ್ಕುವುದರಿಂದ ಹಿಡಿದು ಬಿರಡೆ ತಿರುಗಿಸುವುದರವರೆಗೆ ಎಲ್ಲವೂ ಸ್ಪರ್ಶದಿಂದಲೇ. ಕಮಾನನ್ನು ಕುದುರೆಗೆ ಸಮೀಪ ಎಳೆದರೆ ನಾದ ಒರಟು, ದೂರ ಎಳೆದರೆ ಪೇಲವ. ಅವೆರಡರ ನಡುವಿನ ಜಾಡು ತಿಂಗಳುಗಟ್ಟಲೆ ಉದ್ದನೆಯ ಷಡ್ಜವನ್ನು ಎಳೆದಾಗ ಮಾತ್ರ ಕೈಗೆ ತಿಳಿಯುತ್ತದೆ. ಗುರು ಹಾಡಬೇಕು, ಶಿಷ್ಯ ಅದನ್ನೇ ತಂತಿಯಲ್ಲಿ ಮರಳಿ ನುಡಿಸಬೇಕು. ಮೀಂಡು, ಗಮಕಗಳು ಕೊರಳಿನಿಂದ ಬೆರಳಿಗೆ ಇಳಿಯುವುದು ಹೀಗೆ. ಸ್ವತಃ ಗಾಯಕರೂ ವಾದಕರೂ ಆಗಿದ್ದ, ಕತ್ತಲೆಯಲ್ಲಿಯೇ ಕಲಿತಿದ್ದ ಗುರುವಿಗಿಂತ ಇದಕ್ಕೆ ತಕ್ಕವರು ಇನ್ನಾರು?

ಅಷ್ಟೊಂದು ವಾದ್ಯಗಳನ್ನು ಒಬ್ಬರೇ ಏಕೆ ಕಲಿಯಬೇಕಾಗಿತ್ತೆಂದು ಕೆಲವರು ಕೇಳುವುದುಂಟು. ಆಶ್ರಮಕ್ಕೆ ಬಂದ ಪ್ರತಿ ಮಗುವಿಗೂ ಇಂಪಾದ ಕಂಠವಿರುವುದಿಲ್ಲ. ಕಂಠವಿಲ್ಲದವನಿಗೆ ತಬಲಾ, ತಾಳದ ಹಿಡಿತ ಸಾಲದವನಿಗೆ ಹಾರ್ಮೋನಿಯಂ, ಕಿವಿ ಸೂಕ್ಷ್ಮವಿದ್ದವನಿಗೆ ಪಿಟೀಲು. ಗುರುವಿಗೆ ಹತ್ತು ವಿದ್ಯೆ ಬಂದರೆ ಹತ್ತು ಬಗೆಯ ಮಕ್ಕಳಿಗೆ ಬದುಕಾಗುತ್ತದೆ. ಶಾಲೆಗಳ ಸಂಗೀತ ಶಿಕ್ಷಕರಾಗಿ, ಆಕಾಶವಾಣಿಯ ಕಲಾವಿದರಾಗಿ, ಪುರಾಣದ ಗವಾಯಿಗಳಾಗಿ ಅವರ ಶಿಷ್ಯರು ನಾಡೆಲ್ಲ ಹಬ್ಬಿದ್ದಾರೆ. ಹನ್ನೆರಡು ವರ್ಷ ಆಶ್ರಮದಲ್ಲಿದ್ದು ಕಲಿತ ಪಂಡಿತ ಎಂ. ವೆಂಕಟೇಶಕುಮಾರರ ಹೆಸರನ್ನಂತೂ ಹೇಳುವುದೇ ಬೇಡ. ಕುರುಡ ಮಗನನ್ನು ಕಂಡವರ ಮುಂದೆ ಕೈಯೊಡ್ಡಲು ಬಿಡುವ ಬದಲು ಗದುಗಿಗೆ ಕಳಿಸೋಣ ಎಂಬ ಮಾತು ಬಡವರ ಮನೆಗಳಲ್ಲಿ ಧೈರ್ಯವಾಗಿ ನೆಲೆಸಿದ್ದು ಅವರಿಂದ.

2010ರಲ್ಲಿ ಭಾರತ ಸರ್ಕಾರ ಪದ್ಮಭೂಷಣವನ್ನಿತ್ತು ಗೌರವಿಸಿತು. ಅದೇ ವರ್ಷ ಸೆಪ್ಟೆಂಬರ್ 17ರಂದು, ತೊಂಬತ್ತಾರರ ಇಳಿವಯಸ್ಸಿನಲ್ಲಿ, ಶ್ರೀಗಳು ಲಿಂಗೈಕ್ಯರಾದರು. ಅವರ ಗದ್ದುಗೆ ಆಶ್ರಮದ ಆವರಣದಲ್ಲಿಯೇ ಇದೆ. ಅವರ ನಂತರ ಪೀಠದ ಹೊಣೆ ಹೊತ್ತವರು ಶ್ರೀ ಕಲ್ಲಯ್ಯಜ್ಜನವರು.